ಮಕ್ಕಳ ಹೆಗಲಿಗೆ ಕಾಯಿದೆ ಇಲ್ಲವೇ?

1948ರ ಕಾರಖಾನೆ ಕಾಯಿದೆಯ 34ನೇ ಕಲಮನ್ನು ಗಿರಣಿಯ ಬಂಧುಗಳು ಮರೆತಿರಲಾರರು. ಮೈಗೆ ಕೇಡಾಗುವಷ್ಟು ಭಾರವನ್ನು ಯಾವ ಕೆಲಸಗಾರನಿಂದಲೂ ಹೊರಿಸಕೂಡದೆಂದು ಅದು ಧಣಿಗಳ ಕೈ ಕಟ್ಟಿತು. ಹಾಗಾದರೆ ನಾವು ಕೇಳುತ್ತೇವೆ: ನಿಮ್ಮ ಮಗ ದಿನಾಲು ಹೊತ್ತುಕೊಂಡು ಹೋಗುವ ಪಾಟೀಚೀಲವನ್ನು ಎಂದಾದರೂ ತೂಗಿ ನೋಡಿದ್ದೀರಾ?

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲ, ಎಲ್ಲಿ ಹೋದರೂ ಕೂಸುಗಳು ಸಂಜೆ ಗೋಣು ನೋವು, ಹೆಗಲು ನೋವು ಎನ್ನುತ್ತವೆ. ಶಾಲೆ ತಪ್ಪಿಸುವ ನೆವವೆಂದು ಮನೆಯವರು ಗದರಿಸುತ್ತಾರೆ. ನೆವವಲ್ಲ. ಚೀಲ ಹಿಂದಕ್ಕೆ ಜಗ್ಗುತ್ತದೆ, ಹುಡುಗ ಮುಂದಕ್ಕೆ ಬಾಗುತ್ತಾನೆ, ದಾರಿ ಕಾಣಲೆಂದು ಗೋಣು ಎತ್ತುತ್ತಾನೆ. ಗೋಣಿನಿಂದ ಹೆಗಲಿಗೆ ಇಳಿಯುವ ಸ್ನಾಯುಗಳು ಬಿಗಿದು ನಿಲ್ಲುತ್ತವೆ. ಪಟ್ಟಿ ಹರಿದು ಒಂದೇ ಹೆಗಲಿಗೆ ಜೋತುಬಿದ್ದರೆ ಕೇಡು ಇನ್ನೂ ಹೆಚ್ಚು. ಇಳಕಲ್ಲದ ನೇಕಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದಿನವಿಡೀ ಮಗ್ಗದ ಮುಂದೆ ಬಾಗಿದ ಗೋಣು ರಾತ್ರಿ ಏನನ್ನುತ್ತದೆಂಬುದು ಅವನಿಗೆ ಗೊತ್ತು.

ಸರಕಾರಕ್ಕೂ ಇದು ತಿಳಿಯದ್ದಲ್ಲ. ಆರ್. ಕೆ. ನಾರಾಯಣರು 1989ರಲ್ಲಿಯೇ ರಾಜ್ಯಸಭೆಯಲ್ಲಿ ಚೀಲದ ಮಾತೆತ್ತಿದರು. 1993ರಲ್ಲಿ ಯಶಪಾಲ ಸಮಿತಿ ವರದಿ ಕೊಟ್ಟಿತು. 2019ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಆಜ್ಞೆಯನ್ನೇ ಹೊರಡಿಸಿತು: 1-2ನೇ ಇಯತ್ತೆಗೆ ಹೆಚ್ಚೆಂದರೆ 2 ಕಿಲೋ, 3ರಿಂದ 5ಕ್ಕೆ 3, 6ರಿಂದ 8ಕ್ಕೆ 4, 9-10ಕ್ಕೆ 5. ಮತ್ತೆ 2023ರ ಜೂನಿನಲ್ಲಿ ಅದನ್ನೇ ಸಾರಬೇಕಾಯಿತು. ಮೊದಲನೆಯದನ್ನು ಪಾಲಿಸಿದ್ದರೆ ಎರಡನೆಯದು ಯಾಕೆ ಬೇಕಿತ್ತು?

ಈ ಭಾರ ಸರಕಾರಿ ಪುಸ್ತಕದ್ದಷ್ಟೇ ಅಲ್ಲ. ಕೆಲವು ಖಾಸಗಿ ಶಾಲೆಗಳ ಧಣಿಗಳು ತಮ್ಮಲ್ಲಿಯೇ ಕೊಳ್ಳಬೇಕೆಂದು ಹೇರುವ ದಪ್ಪ ನೋಟುಪುಸ್ತಕ, ವರ್ಕಬುಕ್ಕು, ಗೈಡುಗಳದ್ದು. ಪೇಟೆಯ ಚಿಕ್ಕ ಅಂಗಡಿಕಾರನ ವ್ಯಾಪಾರವೂ ಹೋಯಿತು, ಕೂಸಿನ ಹೆಗಲೂ ಹೋಯಿತು, ಲಾಭ ಮಾತ್ರ ಒಬ್ಬರದೇ! ಶಾಲೆಯಲ್ಲಿ ಕುಡಿಯುವ ನೀರಿಲ್ಲದಿದ್ದರೆ ಬಾಟಲಿ ಬೇರೆ. ಒಂದು ಲೀಟರ ನೀರೆಂದರೆ ಒಂದು ಕಿಲೋ. ಒಂದನೇ ಇಯತ್ತೆಯ ಕೂಸಿನ ಪಾಲಿನಲ್ಲಿ ಅರ್ಧ ಅಲ್ಲಿಗೇ ತೀರಿತು.

ದೋಷವೆಲ್ಲ ಮೊಬಾಯಿಲಿನದೆನ್ನುವವರಿದ್ದಾರೆ. ಅದರದೂ ಪಾಲುಂಟು, ಇಲ್ಲವೆನ್ನೆವು. ಆದರೆ ಮೊಬಾಯಿಲನ್ನು ತಂದೆ ಕಸಿದುಕೊಳ್ಳಬಲ್ಲ. ಚೀಲ ಹಗುರ ಮಾಡಿ ಕಳಿಸಿದರೆ ಮಾಸ್ತರರು ಹುಡುಗನನ್ನು ಹೊರಗೆ ನಿಲ್ಲಿಸಿಯಾರು.

ಅಂಗಡಿಕಾರರೇ, ತೂಕದ ಯಂತ್ರ ನಿಮ್ಮಲ್ಲಿದೆ. ಬರುವ ಸೋಮವಾರ ಶಾಲೆಯ ಬಾಗಿಲಲ್ಲಿ ಅದನ್ನಿಡಿರಿ. ರಾತ್ರಿ ಪಾಳಿ ಮುಗಿಸಿದ ಗಿರಣಿ ಬಂಧುಗಳು ಬಂದು ಇಯತ್ತೆ, ತೂಕ ಎರಡನ್ನೇ ಬರೆದುಕೊಳ್ಳಲಿ. ಮಕ್ಕಳ ಹೆಸರು ಬೇಡ. ಆ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಜಿನ ಮೇಲೆ, 2019ರ ಆಜ್ಞೆಯ ಪಕ್ಕದಲ್ಲಿಯೇ ಇಟ್ಟು ಉತ್ತರ ಕೇಳೋಣ.