ಒಂದು ಡಾಲರಿನ ವಿಕ್ರಯವೂ ಪರಿಗ್ರಹದ ಲೆಕ್ಕವೂ

ಕಾಯಿದೆಯನ್ನು ಮೀರದವನು ಧರ್ಮವನ್ನೂ ಮೀರಿಲ್ಲವೆಂಬ ಮಾತು ಇಂದು ವ್ಯಾಪಾರಿಗಳ ನಡುವೆ ನೀತಿವಾಕ್ಯದಂತೆ ಚಲಾವಣೆಯಲ್ಲಿದೆ. ಈ ನಾಣ್ಯವು ಖೋಟಾ ಎಂಬುದನ್ನು ಅರಿಯಲು ಐಸ್‌ಲೆಂಡಿನ ಮಾಜಿ ಪ್ರಧಾನಿ ಸಿಗ್ಮುಂದೂರ್ ದಾವಿದ್ ಗುನ್‌ಲಾಗ್ಸನ್ ಅವರ ರಾಜಕೀಯ ಜೀವನವನ್ನು ಅವಲೋಕಿಸಿದರೆ ಸಾಕು.

2008ರ ಅಕ್ಟೋಬರಿನಲ್ಲಿ ಆ ಪುಟ್ಟ ದೇಶದ ಮೂರು ದೊಡ್ಡ ಬ್ಯಾಂಕುಗಳಾದ ಗ್ಲಿಟ್ನಿರ್, ಲಾಂಡ್ಸ್‌ಬಾಂಕಿ ಮತ್ತು ಕೌಪ್‌ಥಿಂಗ್ ಒಂದೇ ವಾರದಲ್ಲಿ ಕುಸಿದವು. ಮನೆಸಾಲ ಮಾಡಿದ್ದ ಸಾಮಾನ್ಯ ಗೃಹಸ್ಥರು ಸಂಕಟಕ್ಕೆ ಸಿಲುಕಿದರು. ಈ ಸಂಕಟದ ಕಾಲದಲ್ಲಿಯೇ ಗುನ್‌ಲಾಗ್ಸನ್ ಮುಂದೆ ಬಂದರು. 2009ರಲ್ಲಿ ಪ್ರೋಗ್ರೆಸಿವ್ ಪಕ್ಷದ ಅಧ್ಯಕ್ಷರಾಗಿ ಸಂಸತ್ತನ್ನು ಪ್ರವೇಶಿಸಿದರು. ಬಿದ್ದ ಬ್ಯಾಂಕುಗಳಿಂದ ಹಣ ಬರಬೇಕಾದವರೊಡನೆ ಬಿಗಿಯಾಗಿ ವ್ಯವಹರಿಸಿ, ಗೃಹಸ್ಥರ ಸಾಲದ ಹೊರೆಯನ್ನು ಇಳಿಸುವುದಾಗಿ ವಚನವಿತ್ತು, 2013ರಲ್ಲಿ 38ನೆಯ ವಯಸ್ಸಿಗೇ ಪ್ರಧಾನಿಯಾದರು.

2016ರ ಏಪ್ರಿಲ್ 3ರಂದು ಪನಾಮಾ ದಾಖಲೆಗಳು ಬಯಲಾದಾಗ ಈ ಚಿತ್ರದ ಮತ್ತೊಂದು ಮುಖ ಕಂಡಿತು. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ನೋಂದಣಿಯಾದ ವಿಂಟ್ರಿಸ್ ಎಂಬ ಕಂಪನಿಯಲ್ಲಿ 2007ರಿಂದ ಅವರಿಗೆ ಅರ್ಧ ಪಾಲಿತ್ತು. ಸಂಸದರಾದ ಮೇಲೂ ಅದನ್ನು ಘೋಷಿಸಲಿಲ್ಲ. 2009ರ ಡಿಸೆಂಬರ್ 31ರಂದು ಆ ಪಾಲನ್ನು ಪತ್ನಿಗೆ ಮಾರಿದರು. ಬೆಲೆ ಒಂದು ಡಾಲರ್! ಆ ಮೂರೂ ಬ್ಯಾಂಕುಗಳಿಂದ ಈ ಕಂಪನಿಗೆ 50 ಕೋಟಿ ಕ್ರೋನಾಕ್ಕೂ ಮಿಕ್ಕ ಹಣ ಬರಬೇಕಾಗಿತ್ತು. ಅಂದರೆ ದೇಶದ ಪರವಾಗಿ ಯಾರೊಡನೆ ಸೆಣಸುವೆನೆಂದರೋ, ಆ ಪಂಕ್ತಿಯಲ್ಲಿ ಅವರ ಮನೆಯವರೇ ಕುಳಿತಿದ್ದರು.

ಹಣ ಪತ್ನಿಯದು, ತೆರಿಗೆಯನ್ನು ಸಲ್ಲಿಸಿದೆ, ಪತ್ನಿಯ ಆಸ್ತಿಯನ್ನು ಘೋಷಿಸಬೇಕೆಂಬ ನಿಯಮವಿಲ್ಲ ಎಂಬುದು ಅವರ ಸಮರ್ಥನೆ. ಇದನ್ನು ಹಾಗೆಯೇ ಒಪ್ಪಿದರೂ ಪ್ರಶ್ನೆ ತೀರುವುದಿಲ್ಲ. ದೇಶಕ್ಕಾಗಿ ತನ್ನ ಮನೆಗೇ ನಷ್ಟ ತಂದುಕೊಂಡವನು ಅದನ್ನು ಹೇಳಿಕೊಳ್ಳಲು ಅಂಜುವುದೇಕೆ? ಅಣ್ಣನ ವಿರುದ್ಧ ತೀರ್ಪು ಕೊಡುವ ಪಂಚನಾದರೂ ಆತ ತನ್ನ ಅಣ್ಣನೆಂಬುದನ್ನು ಮೊದಲು ಸಭೆಗೆ ತಿಳಿಸಬೇಡವೆ?

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ ಎಂದು ಉಮಾಸ್ವಾಮಿಗಳು ನಿರ್ಣಯಿಸಿದ್ದಾರೆ. ಮೂರ್ಛೆಯನ್ನು ಕ್ರಯಪತ್ರದಿಂದ ವರ್ಗಾಯಿಸಲಾಗದು. ಖಾತೆಯ ಶಿರೋನಾಮೆ ಬದಲಾದರೂ ಶಿಲ್ಕು ಅದೇ ಮನೆಯಲ್ಲಿ ಉಳಿಯುತ್ತದೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರನ್ನೂ ಸಮನಾಗಿ ಎಣಿಸುವ ಧರ್ಮದಲ್ಲಿ 'ಅದು ಹೆಂಡತಿಯ ಹೆಸರಿನಲ್ಲಿದೆ' ಎಂಬುದು ಉತ್ತರವಾಗಲಾರದು.

ಐಸ್‌ಲೆಂಡಿನ ಜನರು ಅಣುವ್ರತಗಳನ್ನು ಓದಿದವರಲ್ಲ. ಆದರೂ ಏಪ್ರಿಲ್ 4ರಂದು ಸಹಸ್ರಾರು ಮಂದಿ ರೇಕ್ಯಾವಿಕ್‌ನ ಸಂಸತ್ತಿನ ಮುಂದೆ ನೆರೆದರು. ಅವರು ಕೇಳಿದ್ದು ಕಾಯಿದೆಯ ಕಲಮನ್ನಲ್ಲ, ವಿಶ್ವಾಸದ ಲೆಕ್ಕವನ್ನು. ಮರುದಿನವೇ ಪ್ರಧಾನಿ ಪದತ್ಯಾಗಕ್ಕೆ ಮುಂದಾಗಬೇಕಾಯಿತು. 2017ರಲ್ಲಿ ಅವರು ಸೆಂಟರ್ ಪಕ್ಷವನ್ನು ಕಟ್ಟಿ ಮತ್ತೆ ಸಂಸತ್ತಿಗೆ ಬಂದುದು ನಿಜ. ಮತದಾರರ ಕ್ಷಮೆ ಬೇರೆ, ಕರ್ಮದ ನಿರ್ಜರೆ ಬೇರೆ.

ದೂರದ ದೇಶದ ಈ ಕಥೆ ಬಸದಿಯ ಅಂಗಳಕ್ಕೂ ಸಲ್ಲುತ್ತದೆ. ದೇವದ್ರವ್ಯವನ್ನು ಭಾವಮೈದುನನ ಅಂಗಡಿಯಲ್ಲಿ ಬಡ್ಡಿಗೆ ತೊಡಗಿಸಿ, ಜಮಾಖರ್ಚು ಸರಿಯಿದೆ, ಲೆಕ್ಕಪರಿಶೋಧಕರ ಸಹಿಯಿದೆ ಎನ್ನುವ ವಿಶ್ವಸ್ಥನು ಗುನ್‌ಲಾಗ್ಸನ್ ಅವರಿಗಿಂತ ಯಾವ ವಿಧದಲ್ಲಿ ಭಿನ್ನ? ಸಭೆಯ ಮೊದಲ ಕಲಾಪವಾಗಿ ಪ್ರತಿಯೊಬ್ಬ ವಿಶ್ವಸ್ಥನೂ ತನ್ನ ಮತ್ತು ತನ್ನ ಮನೆಯವರ ಸಂಬಂಧವನ್ನು ಬಾಯಿಬಿಟ್ಟು ಹೇಳಲಿ. ಅದು ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ಹಾಗೆ ಹೇಳಲು ಸಂಕೋಚವೆನಿಸಿದರೆ ಆ ಸ್ಥಾನವನ್ನು ಬಿಡುವುದೇ ಶ್ರಾವಕನಿಗೆ ಭೂಷಣ.