ಗೋದಲಿಗೆ ಮಡಿ ಬೇಡ

ಯೇಸುವಿನ ಜನನವನ್ನು ಗೊಂಬೆಗಳಲ್ಲಿ ತೋರಿಸುವ ಕ್ರಿಸ್‌ಮಸ್ ಗೋದಲಿಯಲ್ಲಿ ಬೈಬಲು ಹೇಳದವರು ಯಾರೂ ಇರಕೂಡದೆಂಬುದು ಮಡಿವಂತರ ವಾದ. ಹಾಗಾದರೆ ಮೊದಲು ಎತ್ತು ಕತ್ತೆಗಳನ್ನೇ ಹೊರಗಟ್ಟಬೇಕಾದೀತು. ಮತ್ತಾಯ, ಲೂಕರ ಜನನವೃತ್ತಾಂತದಲ್ಲಿ ಅವುಗಳ ಸುಳಿವೇ ಇಲ್ಲ! 1223ರಲ್ಲಿ ಇಟಲಿಯ ಗ್ರೆಚ್ಚೋ ಗ್ರಾಮದಲ್ಲಿ ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿದವರು ಸಂತ ಫ್ರಾನ್ಸಿಸರು. ದೂರದ ಬೆತ್ಲೆಹೇಮನ್ನು ಹಳ್ಳಿಗರ ಕಣ್ಣೆದುರಿಗೆ ತರುವುದೇ ಅವರ ಉದ್ದೇಶ. ಆ ದಾರಿಯಲ್ಲೇ ನೇಪಲ್ಸಿನ ಗೋದಲಿಗೆ ಹಣ್ಣಿನ ವ್ಯಾಪಾರಿಯೂ, ಫ್ರಾನ್ಸಿನ ಪ್ರೊವಾನ್ಸಿನಲ್ಲಿ ರೊಟ್ಟಿ ಸುಡುವವನೂ ಮೀನು ಮಾರುವವಳೂ ಬಂದು ನಿಂತರು. ಪೋಲೆಂಡಿನ ಕ್ರಾಕೋವಿನಲ್ಲಿ ಗೋದಲಿಯೇ ಆ ಊರಿನ ಗೋಪುರಗಳ ರೂಪ ತಳೆಯಿತು. ಇದರಲ್ಲಿ ಅಪಚಾರವೇನು ಬಂತು? ಬಸುರಿ ಮರಿಯಳಿಗೆ ಸ್ಥಳವಿಲ್ಲವೆಂದದ್ದು ಅಂದಿನ ಛತ್ರ. ನೆರೆಹೊರೆಯವರಿಗೆ ಸ್ಥಳವಿಲ್ಲವೆನ್ನುವ ಗೋದಲಿಯೂ ಆ ಛತ್ರದ ಸಾಲಿಗೇ ಸೇರಬೇಕು.