ಹಳೇ ಎಂಜಿನ್ ಗಟ್ಟಿಯೋ, ಮೇಸ್ತ್ರಿ ಗಟ್ಟಿಯೋ?



ಬೇಲೂರು ಅಂದಕೂಡಲೇ ಎಲ್ಲರಿಗೂ ಶಿಲಾಬಾಲಿಕೆಯರು ನೆನಪಾಗುತ್ತಾರೆ. ನಮ್ಮ ಧಾರವಾಡದ ಬೇಲೂರಿನಲ್ಲಿ ಇರುವುದು ಕಾರ್ಖಾನೆಗಳು. ಕಿತ್ತೂರ ಕಡೆ ಹೋಗುವ ಹೆದ್ದಾರಿ ಪಕ್ಕದ ಈ ಕೈಗಾರಿಕಾ ಪ್ರದೇಶದಾಗ ಟಾಟಾದವರು ಬಸ್ಸು ಕಟ್ಟುತ್ತಾರೆ. ಇಲ್ಲಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಮ್ಮ ಅಣ್ಣ ಲೇತ್ ನಡೆಸುತ್ತಾನೆ. ನಮ್ಮ ಕಾಕಾ ಊರ ಹೊರಗೆ ತಗಡಿನ ಶೆಡ್ಡಿನಲ್ಲಿ ಹಳೇ ಗಾಡಿ ರಿಪೇರಿ ಮಾಡುತ್ತಾರೆ. ಶೆಡ್ಡಿನ ಮುಂದೆ ಅವರ ಪೆಟ್ರೋಲ್ ಅಂಬಾಸಡರ್ ನಿಂತಿದೆ. ಅದನ್ನು ಗುಜರಿಗೆ ಹಾಕಬೇಕೋ ಬ್ಯಾಡೋ ಅಂತ ಮನೆಯಲ್ಲಿ ಎರಡು ತಿಂಗಳಿಂದ ಜಗಳ.

ಅಣ್ಣನ ವಾದ ರೊಕ್ಕದ್ದು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಕಾಕಾ ಅದಕ್ಕೆ, "ಈಗಿನ ಎಂಜಿನ್ನು ಡಬ್ಬಿ ಅದಾವು. ಹಳೇದು ಎರಕದ ಕಬ್ಬಿಣ. ಐದು ಲಕ್ಷ ಕಿಲೋಮೀಟರ್ ಓಡೇತಿ" ಅನ್ನುತ್ತಾರೆ.

ಕಾಕಾ ಸಿಟ್ಟಾದರೂ ಚಿಂತೆಯಿಲ್ಲ, ಈ ಮಾತು ಅರ್ಧ ಮಾತ್ರ ಖರೆ. ಆ ಕಾಲದ ಬಹಳ ಕಾರುಗಳ ಮೀಟರಿಗೆ ಐದೇ ಅಂಕಿ. 99,999 ಆದಮೇಲೆ ಮತ್ತೆ ಸೊನ್ನೆ! ಅದೂ ಅಲ್ಲದೆ ಲಕ್ಷದ ಆಸುಪಾಸಿಗೆ ಎಂಜಿನ್ ಬಿಚ್ಚಿ, ಬೋರ್ ಹೊಡೆಸಿ, ದೊಡ್ಡ ಸೈಜಿನ ಪಿಸ್ಟನ್ನು, ಹೊಸ ರಿಂಗು ಹಾಕುವುದು ಆಗ ಸಾಮಾನ್ಯ. ನಮ್ಮ ಮನೆಯ ಕೂರಿಗಿಯನ್ನು ಅಜ್ಜನ ಕಾಲದ್ದು ಅನ್ನುತ್ತೇವೆ, ಆದರೆ ಅದರ ತಾಳು, ದಿಂಡು ಎಲ್ಲಾ ಬಡಿಗೇರ ಎಷ್ಟೋ ಸಲ ಬದಲು ಮಾಡಿದ್ದಾನೆ. ಇದೂ ಹಾಗೇ. ಈಗಿನ ಎಂಜಿನ್ನು ಸರಿಯಾಗಿ ಎಣ್ಣೆ ಬದಲಿಸಿದರೆ ಎರಡು ಲಕ್ಷ ದಾಟಿದರೂ ಪಾನಾ ಮುಟ್ಟಿಸಿಕೊಳ್ಳುವುದಿಲ್ಲ. ಎಣ್ಣೆ, ಫಿಲ್ಟರು, ಕಟಿಂಗಿನ ಸೂಕ್ಷ್ಮ ಎಲ್ಲಾ ಸುಧಾರಿಸಿದೆ. ಕಾರ್ಬೊರೇಟರ್ ಪೆಟ್ರೋಲು ಜಾಸ್ತಿ ಸುರಿದಾಗ ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದು ಹೋಗಿ ರಿಂಗು ಬೇಗ ಸವೆಯುತ್ತಿತ್ತು. ಇಂಜೆಕ್ಷನ್ ಬಂದಮೇಲೆ ಆ ಕಾಟ ಕಡಿಮೆ.

ಹಾಗಾದರೆ ಅಂಬಾಸಡರ್‌ಗೆ ಆ ಹೆಸರು ಸುಮ್ಮನೆ ಬಂತೇ? ಇಲ್ಲ. 1489 ಸಿ.ಸಿ. ಇದ್ದರೂ ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ಈಗಿನ 1200 ಸಿ.ಸಿ.ಯವು 80ರ ಮೇಲೆ ಕೊಡುತ್ತವೆ. ದೊಡ್ಡ ಎತ್ತಿಗೆ ಸಣ್ಣ ಹೊರೆ ಕಟ್ಟಿದ ಹಾಗೆ. ಮೇಲಾಗಿ 2014ರಲ್ಲಿ ಉತ್ತರಪಾಡಾದ ಕಾರ್ಖಾನೆ ನಿಲ್ಲುವ ತನಕ ಗಾಡಿಯ ಮೂಲ ರೂಪ ಬದಲಾಗಲಿಲ್ಲ. ಹೀಗಾಗಿ ಊರೂರಿಗೆ ಅದನ್ನು ಬಲ್ಲ ಮೇಸ್ತ್ರಿ ಇದ್ದ, ಸಾಮಾನು ಸಿಗುತ್ತಿತ್ತು. ಕೆಡಲೇ ಇಲ್ಲ ಅಂತಲ್ಲ, ಕೆಟ್ಟಲ್ಲೇ ರಿಪೇರಿ ಆಗುತ್ತಿತ್ತು. ನಾನು ಗಟ್ಟಿ ಅನ್ನುವುದು ಇದನ್ನೇ.

ಕಾಕಾನ ಕಾರಿನ ಈಗಿನ ರೋಗ ವಾಲ್ವಿನದು. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವು ಕೂರುವ ಜಾಗವನ್ನು ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲಾ ಸೀಸವಿಲ್ಲದ ಪೆಟ್ರೋಲೇ ಬಂತು. ಮಕ್ಕಳ ಮಿದುಳಿಗೆ ಸೀಸ ವಿಷ, ತೆಗೆದದ್ದು ಸರಿಯೇ ಆಯಿತು. ಆದರೆ ಹಳೇ ಹೆಡ್ಡಿನಲ್ಲಿ ವಾಲ್ವು ಕಬ್ಬಿಣವನ್ನು ತಿನ್ನುತ್ತಾ ಒಳಗೆ ಇಳಿಯುತ್ತದೆ, ಟಪೇಟ್ ಸಂದು ಮುಚ್ಚಿ ದಮ್ಮು ಹೋಗುತ್ತದೆ. ಅದಕ್ಕೆ ಗಡಸು ಲೋಹದ ಸೀಟು ಕೂರಿಸಬೇಕು. ಆ ರಿಂಗು ತಿರುವುವುದು ಲೇತಿನ ಕೆಲಸ, ಅಂದರೆ ಅಣ್ಣನ ಕೆಲಸ!

ನನ್ನ ಅಭಿಪ್ರಾಯ ಇಷ್ಟೇ: ದಿನದ ಬಾಡಿಗೆಗೆ ಹೊಸ ಗಾಡಿ ಬೇಕು, ಕಾಕಾ ಅದನ್ನು ಒಪ್ಪಬೇಕು. ಅಣ್ಣ ಅಂಬಾಸಡರನ್ನು ಗುಜರಿಗೆ ಕಳಿಸಬಾರದು. ನಾವು ಐ.ಟಿ.ಐ.ಗೆ ಹೋಗುವವರು, ಕೈಯಿಂದ ಬಿಚ್ಚಿ ಕಲಿಯಲಿಕ್ಕೆ ಇಂಥಾ ಎಂಜಿನ್ ಮತ್ತೆಲ್ಲಿ ಸಿಗುತ್ತದೆ?

ಅಣ್ಣ ಇನ್ನೂ ಹೂಂ ಅಂದಿಲ್ಲ, ಆದರೆ ನಿನ್ನೆ ಸೀಟಿನ ಅಳತೆ ಬರೆದುಕೊಂಡು ಹೋದ. ಭಾನುವಾರ ಹೆಡ್ ಬಿಚ್ಚುತ್ತೇವೆ. ನೋಡುವವರು ಬರ್ರಿ, ಬರೋವಾಗ ಹಳೇ ಅಂಗಿ ಹಾಕ್ಕೊಂಡು ಬರ್ರಿ.

— ಹತ್ತನೇ ತರಗತಿಯ ವಿದ್ಯಾರ್ಥಿ